ಏಳನೇ ನಂಬರ್ ಬಸ್ಸಿನ ಮೂಲಕಾರಣ

ಬಸ್ ನಿಲ್ದಾಣದ ಕಂಟ್ರೋಲರ್‌ಗೆ ಕಂಟ್ರೋಲರ್ ಎಂದು ಹೆಸರಿಟ್ಟವರು ಯಾರೋ ತಿಳಿಯದು. ಯಾರೇ ಆಗಿರಲಿ, ತಮಾಷೆ ಬಲ್ಲವರೇ ಇರಬೇಕು. ಹತ್ತೊಂಬತ್ತು ವರ್ಷಗಳಿಂದ ಆತ ನಿಲ್ದಾಣದ ಮೂಲೆಯ ತಗಡಿನ ಗೂಡಿನಲ್ಲಿ ಕೂತು, ಬಸ್ಸುಗಳು ಬಂದ ಮೇಲೆ ಬಂದವು ಎಂದೂ ಹೋದ ಮೇಲೆ ಹೋದವು ಎಂದೂ ಬರೆದುಕೊಳ್ಳುತ್ತಿದ್ದ. ಇದಕ್ಕಿಂತ ಹೆಚ್ಚಿನ ನಿಯಂತ್ರಣವನ್ನು ಬಸ್ಸುಗಳು ಅವನಿಗೆ ಬಿಟ್ಟುಕೊಟ್ಟಿರಲಿಲ್ಲ. ಗೂಡಿಗೆ ಮೂರು ಗೋಡೆ, ಒಂದು ಕಿಟಕಿ, ಬಾಗಿಲು ಇರಬೇಕಾದ ಕಡೆ ಬರೀ ಬಯಲು. ಆ ಬಯಲಿನಿಂದ ಧೂಳು, ಡೀಸೆಲ್ ಹೊಗೆ ಮತ್ತು "ಏಳನೇ ನಂಬರ್ ಎಷ್ಟೊತ್ತಿಗೆ ಸಾರ್?" ಎಂಬ ಪ್ರಶ್ನೆ ದಿನವಿಡೀ ಒಳಕ್ಕೆ ಬರುತ್ತಿದ್ದವು. ಮೂರಕ್ಕೂ ಅವನಲ್ಲಿ ಒಂದೇ ಉತ್ತರವಿತ್ತು: ಕೆಮ್ಮು.

ಅವನ ಬಾಳಿನ ಆಸೆಯೂ ಒಂದೇ. ಬಾಗಿಲು. ಡಿಪೋ ಕಟ್ಟಡದ ಮೊದಲ ಮಹಡಿಯಲ್ಲಿ ಹಿರಿಯ ಕಂಟ್ರೋಲರ್‌ಗೆಂದು ಒಂದು ಕೋಣೆ ಇತ್ತು. ಅದಕ್ಕೆ ಹಸಿರು ಬಣ್ಣ ಬಳಿದ, ಒಳಗಿನಿಂದ ಚಿಲಕ ಹಾಕಬಹುದಾದ, ನಿಜವಾದ ಮರದ ಬಾಗಿಲು. ಯಾರಾದರೂ ಬಂದರೆ ಹೊರಗೆ ಸ್ಟೂಲಿನ ಮೇಲೆ ಕೂತ ಜವಾನ ಕಣ್ಣೂ ಎತ್ತದೆ, "ಸ್ವಲ್ಪ ಇರಿ, ಸಾಹೇಬ್ರು ಕೋಣೇಲಿದಾರೆ" ಎನ್ನುತ್ತಿದ್ದ. ಈ ಮಾತನ್ನು ತನ್ನ ಬಗ್ಗೆ ಯಾರಾದರೂ ಹೇಳುವುದನ್ನು ಒಳಗೆ ಕೂತು ಒಂದು ಸಲವಾದರೂ ಕೇಳಿಸಿಕೊಳ್ಳಬೇಕು ಎಂದು ಕಂಟ್ರೋಲರ್ ಹತ್ತೊಂಬತ್ತು ವರ್ಷದಿಂದ ಕಾದಿದ್ದ. ಹಿರಿಯ ಕಂಟ್ರೋಲರ್ ಇನ್ನೆರಡು ತಿಂಗಳಲ್ಲಿ ನಿವೃತ್ತರಾಗುವವರಿದ್ದರು. ಬಡ್ತಿಯ ಪಟ್ಟಿಯಲ್ಲಿ ಮೊದಲ ಹೆಸರು ನಮ್ಮವನದು, ಎರಡನೆಯದು ಎರಡನೇ ಪಾಳಿಯ ಕಂಟ್ರೋಲರನದು. ಎರಡು ತಿಂಗಳು ಸುಮ್ಮನಿದ್ದರೆ ಬಾಗಿಲು ತಾನಾಗಿ ತೆರೆಯುತ್ತಿತ್ತು. ಆದರೆ ಸುಮ್ಮನಿರುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ.

ಇಲ್ಲಿ ಇಲಾಖೆಯ ಒಂದು ಪದ್ಧತಿಯನ್ನು ಹೇಳಬೇಕು. ಬಸ್ಸು ಹೊತ್ತು ತಪ್ಪಿದರೆ ಮೇಲಿನಿಂದ ಕಾರಣ ಕೇಳಿ ನೋಟಿಸ್ ಬರುತ್ತಿತ್ತು. ನೋಟಿಸ್ ಬಂದವರು ಅದರ ಕೆಳಗೆ ಎರಡೇ ಪದ ಬರೆದು ಸಹಿ ಹಾಕಿ ಕಳಿಸುತ್ತಿದ್ದರು: "ಸಂಚಾರ ದಟ್ಟಣೆ." ಒಮ್ಮೆ ಬೆಳಗಿನ ಐದು ಗಂಟೆಗೆ, ರಸ್ತೆಯಲ್ಲಿ ಒಂದು ನಾಯಿಯೂ ಇಲ್ಲದಾಗ, ಬಸ್ಸೊಂದು ಡಿಪೋದ ಗೇಟಿಗೇ ಗುದ್ದಿತ್ತು. ಆಗಲೂ ಕಾರಣ ಸಂಚಾರ ದಟ್ಟಣೆಯೇ ಆಗಿತ್ತು. ನೋಟಿಸ್ ಕೊಡುವವರಿಗೆ ಉತ್ತರ ಮೊದಲೇ ಗೊತ್ತಿತ್ತು. ಉತ್ತರ ಬರೆಯುವವರಿಗೆ ಅದನ್ನು ಯಾರೂ ಓದುವುದಿಲ್ಲ ಎಂಬುದು ಗೊತ್ತಿತ್ತು. ಇಂಥ ಪರಸ್ಪರ ವಿಶ್ವಾಸದ ಮೇಲೆ ಇಲಾಖೆ ಓಡುತ್ತಿತ್ತು. ಬಸ್ಸುಗಳು ಓಡುತ್ತಿದ್ದವೋ ಇಲ್ಲವೋ ಎಂಬುದು ಬೇರೆ ವಿಷಯ.

ಒಂದು ಸೋಮವಾರ ಏಳನೇ ನಂಬರಿನ ಮೂರು ಬಸ್ಸುಗಳು ಒಂದರ ಬಾಲ ಹಿಡಿದು ಇನ್ನೊಂದು ಬಂದಂತೆ ಒಟ್ಟಿಗೇ ನಿಲ್ದಾಣಕ್ಕೆ ಬಂದವು. ಇಪ್ಪತ್ತು ನಿಮಿಷಕ್ಕೊಂದು ಎಂದು ಹಲಗೆಯ ಮೇಲೆ ಬರೆದಿತ್ತು. ಮೊದಲನೆಯದರಲ್ಲಿ ಜನ ಬಾಗಿಲಿಗೆ ಜೋತುಬಿದ್ದಿದ್ದರು, ಎರಡನೆಯದರಲ್ಲಿ ಆರಾಮವಾಗಿ ಕೂತಿದ್ದರು, ಮೂರನೆಯದರಲ್ಲಿ ಚಾಲಕ ಮತ್ತು ನಿರ್ವಾಹಕ ಇಬ್ಬರೇ ಸಂಸಾರದ ಕಷ್ಟ ಸುಖ ಮಾತಾಡುತ್ತಿದ್ದರು. ಆಮೇಲೆ ಒಂದು ಗಂಟೆ ಹತ್ತು ನಿಮಿಷ ಏಳನೇ ನಂಬರಿನ ಸುಳಿವೇ ಇಲ್ಲ. ಇದು ವಾರಕ್ಕೆ ನಾಲ್ಕು ಸಲ ಆಗುವುದೇ. ಅಂದು ಆಗಿದ್ದ ವಿಶೇಷವೆಂದರೆ, ಇಲಾಖೆಯ ದೊಡ್ಡ ಸಾಹೇಬರ ಕಾರು ಕೆಟ್ಟು, ಅವರು ತಮ್ಮದೇ ಇಲಾಖೆಯ ಬಸ್ಸಿಗೆ ಜೀವನದಲ್ಲಿ ಮೊದಲ ಸಲ ಕಾದದ್ದು. ಆ ಒಂದು ಗಂಟೆ ಹತ್ತು ನಿಮಿಷವನ್ನು ಅವರು ಪೂರ್ತಿಯಾಗಿ, ನಿಂತೇ, ಅನುಭವಿಸಿದರು.

ಈ ಅನಾಹುತದ ಅರಿವಿಲ್ಲದ ಕಂಟ್ರೋಲರ್ ಎರಡು ಗಂಟೆಗೆ ಪಾಳಿ ಮುಗಿಸಿ, ಟೈಲರ್ ಹತ್ತಿರ ಸೊಂಟ ಸಡಿಲ ಮಾಡಿಸಲು ಕೊಟ್ಟಿದ್ದ ಕಂದು ಪ್ಯಾಂಟನ್ನು ಇಸಿದುಕೊಂಡು, ಅದನ್ನೇ ಏರಿಸಿಕೊಂಡು ಕಾಲೇಜಿಗೆ ಹೋದ. ಅಲ್ಲಿನ ಗಣಿತ ವಿಭಾಗದಲ್ಲಿ ಅವನ ಹೆಂಡತಿಯ ತಮ್ಮ ಅಟೆಂಡರ್. ಹಿಂದಿನ ದಿನವೇ ಮನೆಗೆ ಬಂದು ಗೋಗರೆದಿದ್ದ.

"ಭಾವ, ಎಂಬತ್ತು ಕುರ್ಚಿ ಹಾಕ್ಸಿದೀನಿ. ಬರೋರು ಹನ್ನೊಂದು ಜನ. ನಮ್ಮ ಪ್ರೊಫೆಸರಮ್ಮನ ಮುಖ ನೋಡೋಕಾಗಲ್ಲ. ನೀವು ಬಂದು ಮುಂದಿನ ಸಾಲಲ್ಲಿ ಕೂತ್ಬಿಡಿ."

"ನಂಗೇನು ಗಣಿತ ಬರುತ್ತೋ?"

"ಬರೋದು ಬೇಡ ಭಾವ. ತಲೆ ಆಡಿಸಿದ್ರೆ ಸಾಕು."

"ಅದು ಹತ್ತೊಂಬತ್ತು ವರ್ಷದಿಂದ ರೂಢಿ ಇದೆ ಬಿಡು."

ಉಪನ್ಯಾಸದ ಹೆಸರು "ಅವ್ಯವಸ್ಥೆ ಮತ್ತು ವ್ಯವಸ್ಥೆ." ಪ್ರೊಫೆಸರಮ್ಮ ತೆಳ್ಳಗಿನ, ಚುರುಕು ಕಣ್ಣಿನ ಹೆಂಗಸು. ಮೇಜಿನ ಮೇಲೆ ಮಧ್ಯದಲ್ಲಿ ಕೀಲಿರುವ ಎರಡು ತುಂಡು ಕಬ್ಬಿಣದ ಕಡ್ಡಿಯನ್ನು ತೂಗುಹಾಕಿ ಎತ್ತಿ ಬಿಟ್ಟರು. ಅದು ಹುಚ್ಚು ಹಿಡಿದಂತೆ ಗಿರಗಿರ ಸುತ್ತಿ, ತಡೆದು, ಹಿಮ್ಮುಖವಾಗಿ ಲಾಗ ಹಾಕಿತು. ಮತ್ತೆ ಅದೇ ಎತ್ತರದಿಂದ ಬಿಟ್ಟರು. ಈ ಸಲ ಬೇರೆಯೇ ಕುಣಿತ. "ನಾನು ಅದೇ ಜಾಗದಿಂದ ಬಿಟ್ಟೆ ಅಂತ ನಿಮಗನ್ನಿಸಿತು. ಇಲ್ಲ. ಕೂದಲೆಳೆಯಷ್ಟು ವ್ಯತ್ಯಾಸ ಇತ್ತು. ಆ ಎಳೆಯೇ ಬೆಳೆದು ಇಷ್ಟಾಯಿತು" ಎಂದರು. ಎಲ್ಲೋ ಒಂದು ಚಿಟ್ಟೆಯ ವಿಷಯವನ್ನೂ ಹೇಳಿದರು. ಅದು ಸಾರಿಗೆ ಇಲಾಖೆಗೆ ಸಂಬಂಧಿಸಿದ್ದಲ್ಲ ಎಂದು ಕಂಟ್ರೋಲರ್ ಅದನ್ನು ಪಕ್ಕಕ್ಕಿಟ್ಟ. ಆದರೆ ಕಡ್ಡಿ ಅವನ ಮನಸ್ಸಿಗೆ ನಾಟಿತು. ಅದರ ಕುಣಿತ ಅವನಿಗೆ ಗೊತ್ತಿತ್ತು. ಅದು ಸಾಕ್ಷಾತ್ ಏಳನೇ ನಂಬರ್.

ಅಷ್ಟರಲ್ಲಿ ಟೀ, ಬಿಸ್ಕತ್ತು ಬಂದವು. ಬಾರದ ಅರವತ್ತೊಂಬತ್ತು ಜನರ ಬಿಸ್ಕತ್ತಿನಲ್ಲಿ ಕಂಟ್ರೋಲರ್ ತನ್ನಿಂದಾದಷ್ಟನ್ನು ಮುಗಿಸಿದ. ಫ್ಯಾನಿನ ಗಾಳಿ, ಮೆತ್ತನೆ ಕುರ್ಚಿ, ಸಡಿಲವಾದ ಸೊಂಟ. ಟೀಯ ನಂತರದ ಮುಕ್ಕಾಲು ಗಂಟೆ ಅವನು ಮುಂದಿನ ಸಾಲಿನಲ್ಲಿ ಕೂತೇ ನಿದ್ದೆ ಹೋದ. ನಿದ್ದೆಯಲ್ಲೂ ತಲೆ ಆಡುತ್ತಿದ್ದುದರಿಂದ ಪ್ರೊಫೆಸರಮ್ಮನಿಗೆ ಬಹಳ ಸಂತೋಷವಾಯಿತು. ಹೀಗೆ ಅವ್ಯವಸ್ಥೆಯ ಶಾಸ್ತ್ರವನ್ನು ಪೂರ್ತಿ ಕೇಳಿ, ವ್ಯವಸ್ಥೆಯ ಶಾಸ್ತ್ರವನ್ನು ಪೂರ್ತಿ ಬಿಟ್ಟು, ಕಂಟ್ರೋಲರ್ ಅರ್ಧ ವಿದ್ವಾಂಸನಾಗಿ ಮನೆಗೆ ಬಂದ. ಅರ್ಧಕ್ಕೇ ನಿಂತವರಿಗೆ ಇರುವ ಹುರುಪು ಪೂರ್ತಿ ಓದಿದವರಿಗೆ ಇರುವುದಿಲ್ಲ.

ಮಂಗಳವಾರ ನೋಟಿಸ್ ಬಂತು. ಅದರ ಮೇಲೆ ದೊಡ್ಡ ಸಾಹೇಬರ ಕೆಂಪು ಶಾಯಿಯ ಗೆರೆ ಇತ್ತು. ಅದನ್ನು ಹಿಡಿದು ಬಂದ ಎರಡನೇ ಪಾಳಿಯವನು, "ಬರೀರಿ ಅಣ್ಣ, ಎರಡು ಪದ ತಾನೇ. ಪೆನ್ನು ಬೇಕಾ?" ಎಂದ.

ಕಂಟ್ರೋಲರ್ ಅವನನ್ನು ಕರುಣೆಯಿಂದ ನೋಡಿದ. "ಇಷ್ಟು ವರ್ಷ ಸುಳ್ಳು ಬರೆದ್ವಲ್ಲಪ್ಪ. ದಟ್ಟಣೆ ಅನ್ನೋದು ಪರಿಣಾಮ. ಮೂಲಕಾರಣ ಬೇರೆ ಇರುತ್ತೆ. ಕೂದಲೆಳೆಯಷ್ಟು ಇರುತ್ತೆ. ಹುಡುಕಬೇಕು."

ಎರಡನೇ ಪಾಳಿಯವನು ಪೆನ್ನನ್ನು ಜೇಬಿಗೆ ವಾಪಸು ಇಟ್ಟ. ಅವನ ಕಣ್ಣಿನಲ್ಲಿ ಹಸಿರು ಬಾಗಿಲೊಂದು ಹಾದುಹೋಯಿತು. "ಖಂಡಿತಾ ಹುಡುಕಿ ಅಣ್ಣ," ಎಂದ. "ಚೆನ್ನಾಗಿ ಹುಡುಕಿ. ಹಾಳೆ ಬೇಕಾದ್ರೆ ನಾನು ತಂದ್ಕೊಡ್ತೀನಿ."

ಕಂಟ್ರೋಲರ್ ಸೋಮವಾರದ ಮೊದಲ ಬಸ್ಸಿನ ಚಾಲಕನನ್ನು ಗೂಡಿಗೆ ಕರೆಸಿದ. ಆತನ ಮೀಸೆ ಎಷ್ಟು ದಪ್ಪವೆಂದರೆ ಮಾತು ಅದನ್ನು ದಾಟಿ ಬರುವಷ್ಟರಲ್ಲಿ ಅರ್ಧವಾಗಿರುತ್ತಿತ್ತು.

"ಎಲ್ಲಿ ತಡ ಆಯ್ತು?"

"ಎಲ್ಲಾ ಕಡೆ."

"ಮೊದಲು ಎಲ್ಲಿ?"

"ಮೂರನೇ ಸ್ಟಾಪು. ಯಾರೋ ಹತ್ತೋನು ಜಗಳ ತೆಗ್ದ. ನಲವತ್ತು ಸೆಕೆಂಡು."

ಕಂಟ್ರೋಲರ್‌ಗೆ ರೋಮಾಂಚನವಾಯಿತು. ಮೂರು ಹಾಳೆಗಳ ಉತ್ತರ ಬರೆದ. ಕಡ್ಡಿಯ ಚಿತ್ರ ಬರೆದ. "ಸೋಮವಾರದ ಸಮಸ್ತ ಅವ್ಯವಸ್ಥೆಗೆ ಮೂಲಕಾರಣವು ಮೂರನೇ ನಿಲ್ದಾಣದ ನಲವತ್ತು ಸೆಕೆಂಡುಗಳಾಗಿದ್ದು, ಅದಕ್ಕೆ ಓರ್ವ ಪ್ರಯಾಣಿಕನು ಕಾರಣಕರ್ತನಾಗಿರುತ್ತಾನೆ" ಎಂದು ಮುಗಿಸಿ, ಕೆಳಗೆ ಎರಡು ಗೆರೆ ಎಳೆದ.

ಡಿಪೋದ ಹೆಡ್ ಕ್ಲಾರ್ಕನ್ನು ಎಲ್ಲರೂ ಷರಾ ಮೇಡಂ ಎನ್ನುತ್ತಿದ್ದರು. ಯಾವ ಕಾಗದ ಬಂದರೂ ಅಂಚಿನಲ್ಲಿ ಒಂದು ಷರಾ ಬರೆಯದೆ ಅವರು ಮುಂದಕ್ಕೆ ಬಿಟ್ಟವರಲ್ಲ. ಅವರ ಮಗಳ ಶಾಲೆಯ ಅಂಕಪಟ್ಟಿ ಕೂಡ "ನೋಡಲಾಗಿದೆ, ಗಣಿತದ ಬಗ್ಗೆ ವಿವರಣೆ ಕೋರಿದೆ" ಎಂಬ ಷರಾದೊಂದಿಗೆ ಹಿಂದಿರುಗಿತ್ತೆಂದು ಸುದ್ದಿ. ಇಪ್ಪತ್ತೈದು ವರ್ಷಗಳ ಸೇವೆಯಲ್ಲಿ ಅವರು ಎರಡಕ್ಕಿಂತ ಹೆಚ್ಚು ಪದಗಳಿರುವ ಉತ್ತರವನ್ನು ಕಂಡಿರಲಿಲ್ಲ. ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. ಬಳಿಕ ಅಂಚಿನಲ್ಲಿ ಬರೆದರು: "ಸದರಿ ಪ್ರಯಾಣಿಕ ಯಾರು? ಪತ್ತೆ ಹಚ್ಚಿ ವರದಿ ಮಾಡುವುದು."

ಕಂಟ್ರೋಲರ್ ಬಸ್ಸಿನ ನಿರ್ವಾಹಕನನ್ನು ಹಿಡಿದ.

"ಹೆಂಗೆ ಮರೀಲಿ ಸಾರ್!" ಎಂದ ನಿರ್ವಾಹಕ. "ಕೈಯಲ್ಲಿ ಇಷ್ಟುದ್ದ ಕತ್ತರಿ! ಬಾಯಿ ಬಿಟ್ಟಿರೋ ಕತ್ತರಿ! ಹೆಗಲ ಮೇಲೆ ಒಂದು ಪ್ಯಾಂಟು. ಓಡ್ಕೊಂಡು ಬಂದು ಹತ್ತೋಕೆ ನೋಡ್ದ. ಕತ್ತರಿ ಮುಚ್ಚಿ ಹತ್ತಯ್ಯ ಅಂದೆ. ಮುಚ್ಚಿದ್ರೆ ಹೊಲಿಗೆ ಎಲ್ಲಿವರೆಗೆ ಬಿಚ್ಚಿದೀನಿ ಅನ್ನೋ ಗುರುತು ತಪ್ಪುತ್ತೆ ಅಂದ. ರೂಲ್ಸು ಅಂದೆ. ಕೆಲಸ ಅಂದ. ಹಿಂದಿನ ಸೀಟಿನ ಹೆಂಗಸು ಕಿರುಚಿದ್ಳು. ಕೊನೆಗೆ ನಾನೇ ಕತ್ತರಿ ಹಿಡ್ಕೊಂಡೆ, ಅವನು ಹತ್ತಿದ. ಇಳಿಯೋವರೆಗೆ ನಾನು ಕತ್ತರಿ ಹಿಡ್ಕೊಂಡೇ ಟಿಕೆಟ್ ಹರಿದೆ."

ಮೂರನೇ ನಿಲ್ದಾಣದಲ್ಲಿ ಕತ್ತರಿ ಹಿಡಿದು ಹತ್ತುವ ಮನುಷ್ಯ ಊರಿಗೆ ಒಬ್ಬನೇ. ಕಂಟ್ರೋಲರನ ಪಕ್ಕದ ಮನೆಯ ಟೈಲರ್. ಸತ್ಯಕ್ಕೆ ನೆರೆಹೊರೆ ಇಲ್ಲ ಎಂದುಕೊಂಡು ಕಂಟ್ರೋಲರ್ ಅವನ ಹೆಸರು, ವಿಳಾಸ, ಕತ್ತರಿಯ ಉದ್ದ ಮೂರನ್ನೂ ಬರೆದು ಕಳಿಸಿದ. ಹೆಗಲ ಮೇಲಿನ ಪ್ಯಾಂಟಿನ ಬಗ್ಗೆ ಯೋಚಿಸುವುದು ಅವನಿಗೆ ಹೊಳೆಯಲಿಲ್ಲ. ವಿದ್ವಾಂಸರು ದೂರದ್ದನ್ನು ನೋಡುತ್ತಾರೆ.

ಟೈಲರ್‌ಗೆ ನೋಟಿಸ್ ತಲುಪಿದ ದಿನ ಬೀದಿಯಲ್ಲಿ ಬೇರೆ ಮಾತೇ ಇರಲಿಲ್ಲ. ಬೆಳಗ್ಗೆ "ಟೈಲರ್‌ಗೆ ಏನೋ ಸರ್ಕಾರಿ ಕಾಗದ ಬಂತಂತೆ" ಎಂದಿದ್ದದ್ದು ಹತ್ತು ಗಂಟೆಗೆ "ಬಸ್ಸಲ್ಲಿ ಕತ್ತರಿ ತೋರಿಸಿದನಂತೆ" ಎಂದಾಯಿತು. ಮಧ್ಯಾಹ್ನ ಎದುರುಮನೆಯ ಅಜ್ಜಿ ಜಗಲಿಯಿಂದಲೇ ಸಾರಿದಳು: "ಪೂರಾ ಬಸ್ಸನ್ನೇ ಅಪಹರಣ ಮಾಡಿದ್ನಂತೆ ಕಣ್ರೇ! ಜೊತೆಗೆ ಇನ್ನೆರಡು ಬಸ್ಸನ್ನೂ ಎಳ್ಕೊಂಡು ಹೋಗಿದಾನೆ. ಅದಕ್ಕೇ ಮೂರೂ ಒಟ್ಟಿಗೆ ಬಂದಿದ್ದು!" ಅಜ್ಜಿಯ ವಿವರಣೆಯಲ್ಲಿ, ಮೂರು ಬಸ್ಸು ಒಟ್ಟಿಗೆ ಬಂದದ್ದಕ್ಕೆ ಒಂದು ಕಾರಣವಾದರೂ ಇತ್ತು. ಇಲಾಖೆಯ ಬಳಿ ಇನ್ನೂ ಅದೂ ಇರಲಿಲ್ಲ.

ಟೈಲರ್ ಸಂಭಾವಿತ. ಅವನು ಜಗಳ ಆಡಲಿಲ್ಲ. ನೀಟಾಗಿ, ಅಂಚು ಮಡಿಸಿದ ಹಾಗೆ ಒಂದು ಉತ್ತರ ಬರೆದ: "ನಾನು ಹತ್ತಬೇಕಾದ ಬಸ್ಸಿನ ಹೊತ್ತಿಗೆ ಸರಿಯಾಗಿ ಒಬ್ಬ ಗಿರಾಕಿಯ ಮನೆಯವರು ಒಂದು ಪ್ಯಾಂಟು ಕೊಟ್ಟು, ಮಧ್ಯಾಹ್ನದೊಳಗೆ ಸೊಂಟ ಎರಡು ಇಂಚು ಬಿಡಿಸಲೇಬೇಕೆಂದು ಒತ್ತಾಯ ಮಾಡಿದ್ದರಿಂದ, ದಾರಿಯಲ್ಲೇ ಹೊಲಿಗೆ ಬಿಚ್ಚುತ್ತಾ ಬರಬೇಕಾಯಿತು. ಗಿರಾಕಿಯ ಗೌರವದ ದೃಷ್ಟಿಯಿಂದ ಹೆಸರು ಬರೆದಿಲ್ಲ. ಎರಡು ಇಂಚು ಎಂದೂ ಬರೆಯಬಾರದಿತ್ತು, ಕ್ಷಮಿಸಿ."

ಷರಾ ಮೇಡಂ ಬರೆದರು: "ಪ್ಯಾಂಟು ಯಾರದು?"

ಆ ಷರಾ ಗೂಡಿಗೆ ಬಂದಾಗ ಕಂಟ್ರೋಲರ್ ಅದನ್ನು ಓದಿ, ಕೆಳಗೆ ನೋಡಿದ. ಕಂದು ಪ್ಯಾಂಟು ಅವನ ಕಾಲಿನ ಮೇಲೆ ಅಮಾಯಕವಾಗಿ ಕೂತಿತ್ತು.

ಮನೆಗೆ ಓಡಿ ಬಂದು ಹೆಂಡತಿಯ ಮುಂದೆ ಕಾಗದ ಹಿಡಿದ. "ನೋಡೇ, ಪ್ಯಾಂಟನ್ನ ಅಷ್ಟು ತಡವಾಗಿ ಯಾಕೆ ಕೊಟ್ಟೆ? ನಾನು ಮನೆ ಬಿಟ್ಟಿದ್ದು ಐದೂವರೆಗೆ!"

"ನೀವು ಹೇಳಿದ್ದೇ ಬಾಗಿಲಲ್ಲಿ ಚಪ್ಪಲಿ ಮೆಟ್ಕೊಳ್ತಾ. ಗುಂಡಿ ಹಾಕೋಕಾಗ್ತಿಲ್ಲ ಅಂತ ಭಾನುವಾರ ಹೇಳೋಕೇನಾಗಿತ್ತು?"

"ಭಾನುವಾರ ನಂಗೆ ಉಪನ್ಯಾಸಕ್ಕೆ ಹೋಗ್ಬೇಕು ಅಂತ ಗೊತ್ತಾಗಿದ್ದೇ ಸಂಜೆ. ಹೇಳಿದ್ದು ಯಾರು? ನಿನ್ನ ತಮ್ಮ!"

"ಓಹೋ, ಈಗ ನನ್ನ ತವರಿನವರ ಮೇಲೆ ಬಂತಾ? ಏಳನೇ ನಂಬರ್ ಬಸ್ಸು ತಪ್ಪಿದ್ದಕ್ಕೂ ನಮ್ಮ ಮನೆಯವರೇ ಕಾರಣ! ರೀ, ನೀವು ಆ ಪ್ಯಾಂಟಲ್ಲಿ ಹಿಡಿಸದೆ ಹೋಗಿದ್ದಕ್ಕೂ ಅವರೇ ಕಾರಣಾನಾ? ಅದಕ್ಕೂ ಒಂದು ನೋಟಿಸ್ ಕಳ್ಸಿ!"

ಅವಳಿಗೆ ನೋಟಿಸ್ ಬರಲು ಎರಡೇ ದಿನ ಹಿಡಿಯಿತು. ಗಂಡನೇ ಅದನ್ನು ತಲುಪಿಸಿ ಅವಳ ಸಹಿ ಹಾಕಿಸಿಕೊಳ್ಳಬೇಕೆಂದು ಆದೇಶವಿತ್ತು. ಆಮೇಲೆ ಒಂದು ವಾರ ಅವಳು ಅವನ ಜೊತೆ ಲಿಖಿತ ರೂಪದಲ್ಲಿ ಮಾತ್ರ ವ್ಯವಹರಿಸಿದಳು. ಊಟ ಬಡಿಸಿದ ತಟ್ಟೆಯ ಕೆಳಗೆ ಚೀಟಿ ಇರುತ್ತಿತ್ತು: "ಉಪ್ಪು ಕಡಿಮೆ ಇದ್ದಲ್ಲಿ ಮೂಲಕಾರಣ ತಿಳಿಸುವುದು." ಭಾವಮೈದುನನಿಗೂ ನೋಟಿಸ್ ಹೋಯಿತು. ಅವನು ಒಂದೇ ಸಾಲಿನಲ್ಲಿ ಕೈ ತೊಳೆದುಕೊಂಡ: "ಕುರ್ಚಿ ಖಾಲಿ ಇದ್ದವು, ಉಪನ್ಯಾಸ ಪ್ರೊಫೆಸರಮ್ಮನದು."

ಹೀಗೆ ಕಡತ ನೂರಾ ನಲವತ್ತು ಪುಟವಾಯಿತು. ಅದನ್ನು ಎತ್ತಲು ಇಬ್ಬರು ಬೇಕಾದಾಗ ಡಿಪೋ ಮ್ಯಾನೇಜರು ವಿಚಾರಣೆ ಕರೆದರು. ಬಡ್ತಿಯ ಪಟ್ಟಿ ಆ ಕಡತದ ಕೆಳಗೇ ಸಿಕ್ಕಿಕೊಂಡಿತ್ತು. ಕಡತ ಮುಚ್ಚುವವರೆಗೆ ಅದನ್ನು ಎಳೆಯುವಂತಿರಲಿಲ್ಲ.

ಡಿಪೋದ ಮೇಲಿನ ಮಹಡಿಯಲ್ಲಿ, ಹಸಿರು ಬಾಗಿಲಿನ ಎದುರಿನ ಹಾಲಿನಲ್ಲೇ ಎಲ್ಲರೂ ಸೇರಿದರು. ಮ್ಯಾನೇಜರು ಎಲ್ಲವನ್ನೂ ಬೇಗ ಮುಗಿಸಿ ಮನೆಗೆ ಹೋಗಬೇಕೆಂದು ಬಯಸುವ ದಪ್ಪ ಮನುಷ್ಯ. ಷರಾ ಮೇಡಂ ಮೇಜಿನ ಮೇಲೆ ತಮ್ಮ ರಬ್ಬರ್ ಸ್ಟಾಂಪುಗಳನ್ನು ಸಮ ಅಂತರದಲ್ಲಿ ಜೋಡಿಸಿ ಕೂತಿದ್ದರು. ಚಾಲಕ, ನಿರ್ವಾಹಕ, ಟೈಲರ್, ಹೆಂಡತಿ, ಭಾವಮೈದುನ ಒಂದು ಬೆಂಚಿನಲ್ಲಿ. ಪ್ರೊಫೆಸರಮ್ಮ ಒಂದು ಕುರ್ಚಿಯಲ್ಲಿ, ಏನಾಗುತ್ತಿದೆಯೆಂದು ತಿಳಿಯದೆ, ಆದರೆ ಬಹಳ ಆಸಕ್ತಿಯಿಂದ.

"ಸಾಕ್ಷ್ಯದ ವಸ್ತು ಎಲ್ಲಿ?" ಎಂದರು ಷರಾ ಮೇಡಂ.

ಟೈಲರ್ ಸಂಕೋಚದಿಂದ ಕಂಟ್ರೋಲರನ ಸೊಂಟ ತೋರಿಸಿದ. ಮನೆಯಲ್ಲಿ ಇಸ್ತ್ರಿ ಮಾಡಿದ್ದ ಪ್ಯಾಂಟು ಅದೊಂದೇ ಇತ್ತು. ಉಳಿದವಕ್ಕೆ ಲಿಖಿತ ಮನವಿ ಬಾಕಿ ಇತ್ತು.

"ಜಪ್ತಿ ಮಾಡ್ಬೇಕಲ್ವಾ ಸಾರ್?" ಎಂದರು ಮೇಡಂ.

"ಆಮೇಲೆ, ಆಮೇಲೆ," ಎಂದರು ಮ್ಯಾನೇಜರು ಗಾಬರಿಯಿಂದ. "ಈಗ ಇಷ್ಟು ಸಾಕು. ಬಸ್ಸು ತಪ್ಪಿದ್ದು ಟೈಲರಿಂದ, ಟೈಲರ್ ತಡ ಆಗಿದ್ದು ಈ ಪ್ಯಾಂಟಿಂದ, ಪ್ಯಾಂಟು ಸಡಿಲ ಆಗ್ಬೇಕಾಗಿದ್ದು ಉಪನ್ಯಾಸಕ್ಕೆ. ಅಲ್ಲಯ್ಯಾ ಕಂಟ್ರೋಲರ್, ಬಸ್ಸು ಯಾಕೆ ತಪ್ಪುತ್ತೆ ಅಂತ ಕಲಿಯೋಕೆ ಹೋಗಿದ್ದರಿಂದ ಬಸ್ಸು ತಪ್ಪಿತು ಅಂತ ತಾನೇ ನೀನು ಹೇಳ್ತಿರೋದು?"

ಕಂಟ್ರೋಲರ್ ಎದ್ದು ನಿಂತ. "ಸಾರ್, ಶಾಸ್ತ್ರ ಹಾಗೇ ಹೇಳುತ್ತೆ ಸಾರ್. ಪ್ರೊಫೆಸರಮ್ಮ ಅವರೇ ಹೇಳಿದ್ದು. ಕೂದಲೆಳೆ..."

"ನಾನು ಹಾಗೆ ಹೇಳಲೇ ಇಲ್ಲವಲ್ಲ," ಎಂದರು ಪ್ರೊಫೆಸರಮ್ಮ. "ನೀವು ಟೀ ಆದ ಮೇಲೆ ಇರಲಿಲ್ಲವಾ? ಮುಂದಿನ ಸಾಲಲ್ಲಿ ಅಷ್ಟು ಚೆನ್ನಾಗಿ ತಲೆ ಆಡಿಸ್ತಿದ್ದಿರಿ!"

ಹೆಂಡತಿ ಮೊದಲ ಸಲ ಬಾಯಿ ಬಿಟ್ಟಳು. "ಟೀ ಆದ್ಮೇಲೆ ಅವರು ಎಲ್ಲೂ ಇರಲ್ಲ ಅಮ್ಮಾ. ಕೂತಲ್ಲೇ ಹೋಗ್ಬಿಡ್ತಾರೆ."

ಪ್ರೊಫೆಸರಮ್ಮ ಕೇಳದೆಯೇ ಷರಾ ಮೇಡಂ ಅವರ ಮೂರು ಸ್ಟಾಂಪುಗಳನ್ನು ಎತ್ತಿಕೊಂಡರು. ಮೇಡಂ ಅರ್ಧ ಎದ್ದರು.

"ಇದು ಮೂರು ಬಸ್ಸು. ಸಮ ದೂರ ಇದೆ. ಮೊದಲನೇದು ಒಂದು ಗಳಿಗೆ ತಡ ಆಯ್ತು ಅಂತಿಟ್ಕೊಳ್ಳಿ. ಮುಂದಿನ ಸ್ಟಾಪಲ್ಲಿ ಏನಾಗುತ್ತೆ? ಕಾಯೋರು ಜಾಸ್ತಿ. ಅವರನ್ನ ಹತ್ತಿಸೋಕೆ ಇನ್ನೂ ತಡ. ಅದರ ಮುಂದಿನ ಸ್ಟಾಪಲ್ಲಿ ಇನ್ನೂ ಜಾಸ್ತಿ ಜನ. ಹಿಂದಿನ ಬಸ್ಸಿಗೆ ಜನಾನೇ ಸಿಗಲ್ಲ, ಅದು ಹಾರ್ಕೊಂಡು ಬಂದು ಇದಕ್ಕೆ ಅಂಟ್ಕೊಳ್ಳುತ್ತೆ. ಮೂರನೇದೂ ಅಷ್ಟೇ." ಸ್ಟಾಂಪುಗಳು ಟಕ್ ಟಕ್ ಎಂದು ಒಂದಕ್ಕೊಂದು ತಾಕಿದವು. "ಇವತ್ತು ಕತ್ತರಿ. ನಾಳೆ ಯಾರದೋ ಕೊಡೆ. ನಾಡಿದ್ದು ಏನೂ ಇಲ್ಲದಿದ್ರೂ ಒಂದು ಸೀನು ಸಾಕು. ಟೈಲರ್ ಅವತ್ತು ಮನೇಲೇ ಇದ್ದಿದ್ರೂ ಮೂರೂ ಒಟ್ಟಿಗೇ ಬರ್ತಿದ್ವು. ಎಳೆ ಯಾವುದು ಅಂತ ಹುಡುಕೋದು ವ್ಯರ್ಥ. ಎಳೆ ಬೆಳೆಯೋ ಹಾಗೆ ಬಿಟ್ಟಿದೀರಲ್ಲ, ಅದು ವಿಷಯ."

ನಲವತ್ತು ವರ್ಷದಿಂದ ಏಳನೇ ನಂಬರಿಗೆ ಕಾದ ಊರಿನಲ್ಲಿ ಇಷ್ಟು ಸರಳವಾಗಿ ಇದನ್ನು ಹೇಳಿದವರು ಯಾರೂ ಇರಲಿಲ್ಲ. ಚಾಲಕನ ಮೀಸೆ ಕೂಡ ಒಪ್ಪಿಗೆಯಿಂದ ಅಲುಗಾಡಿತು.

"ಅಂದ್ರೆ ತಪ್ಪು ಯಾರದ್ದು?" ಎಂದರು ಮ್ಯಾನೇಜರು.

"ಯಾರದ್ದೂ ಅಲ್ಲ."

ಷರಾ ಮೇಡಂ ವಿಚಾರಣೆಯ ನಮೂನೆಯನ್ನು ತಿರುವಿ ತಿರುವಿ ನೋಡಿದರು. "ಹಾಗೆ ಬರೆಯೋಕೆ ಇದರಲ್ಲಿ ಜಾಗ ಇಲ್ಲ ಮೇಡಂ. 'ತಪ್ಪಿತಸ್ಥರ ಹೆಸರು' ಅಂತಿದೆ. ಖಾಲಿ ಬಿಟ್ರೆ ಕಡತ ವಾಪಸ್ ಬರುತ್ತೆ."

"ಬೇಕಾದ್ರೆ ನನ್ನ ಹೆಸರು ಬರ್ಕೊಳ್ಳಿ," ಎಂದ ಟೈಲರ್ ಸಂಭಾವಿತನಾಗಿ. "ಬೀದೀಲಿ ಹೇಗೂ ಮೂರು ಬಸ್ಸು ಅಪಹರಣ ಆಗಿದೆ."

"ಪರಿಹಾರ ಇದೆ," ಎಂದರು ಪ್ರೊಫೆಸರಮ್ಮ. "ಟೀ ಆದ ಮೇಲೆ ಹೇಳಿದ್ದು ಅದೇ. ಎಳೆ ಚಿಕ್ಕದಿರುವಾಗಲೇ ಚಿಕ್ಕದಾಗಿ ಸರಿ ಮಾಡ್ಬೇಕು. ದಾರಿ ಮಧ್ಯದಲ್ಲಿ ಒಬ್ಬರು ನಿಂತು, ಮುಂದಿನ ಬಸ್ಸು ಹೋಗಿ ಸಾಕಷ್ಟು ಹೊತ್ತಾಗೋವರೆಗೆ ಹಿಂದಿನದನ್ನ ಒಂದೆರಡು ನಿಮಿಷ ತಡೆದ್ರೆ ಸಾಕು. ಮಧ್ಯದ ಸ್ಟಾಪ್ ಯಾವುದು?"

"ಒಂಬತ್ತನೇದು. ನನ್ನ ಅಂಗಡಿ ಮುಂದೆ," ಎಂದ ಟೈಲರ್.

"ನಿಲ್ಲೋರು ಯಾರು?" ಎಂದರು ಮ್ಯಾನೇಜರು. ಬೆಂಚಿನ ಮೇಲಿದ್ದವರೆಲ್ಲ ತಿರುಗಿದರು. ಸ್ಟಾಂಪುಗಳು ಕೂಡ ತಿರುಗಿದಂತೆ ಕಂಟ್ರೋಲರ್‌ಗೆ ಅನ್ನಿಸಿತು. "ಈ ವಿಷಯದಲ್ಲಿ ವಿಶೇಷ ಜ್ಞಾನ ಇರೋದು ನಿನಗೆ ತಾನೇ? ಮೂರು ಹಾಳೆ ಬರೆದಿದೀಯ, ಚಿತ್ರ ಸಮೇತ."

ಷರಾ ಮೇಡಂ ಮುಖದಲ್ಲಿ ನೆಮ್ಮದಿ ಮೂಡಿತು. ನಮೂನೆಯಲ್ಲಿ ಕಂಟ್ರೋಲರನ ಹೆಸರನ್ನು ತುಂಬಿ, ಸ್ಟಾಂಪುಗಳನ್ನು ಇಸಿದುಕೊಂಡು ಒಂದನ್ನು ಜೋರಾಗಿ ಒತ್ತಿದರು.

ಹಸಿರು ಬಾಗಿಲಿನ ಕೋಣೆ ಎರಡನೇ ಪಾಳಿಯವನಿಗೆ ಹೋಯಿತು. ಅವನ ಸೇವಾ ಪುಸ್ತಕದಲ್ಲಿ ಕಳಂಕವಿರಲಿಲ್ಲ. ಹದಿನೇಳು ವರ್ಷಗಳಲ್ಲಿ ಅವನು ಬರೆದದ್ದು ಎರಡೇ ಪದ. ಹೋಗುವಾಗ ಅವನು ಕಂಟ್ರೋಲರ್‌ಗೆ ಉಳಿದಿದ್ದ ಹಾಳೆಗಳನ್ನು ಕೊಟ್ಟು, "ಇಟ್ಕೊಳ್ಳಿ ಅಣ್ಣ, ನಿಮಗೆ ಬೇಕಾಗುತ್ತೆ" ಎಂದ.

ಗೂಡೂ ಹೋಯಿತು. ಮೂರು ಗೋಡೆಯ ಬದಲು ಈಗ ಗೋಡೆಯೇ ಇಲ್ಲ. ಒಂಬತ್ತನೇ ನಿಲ್ದಾಣದಲ್ಲಿ ಒಂದು ಕೊಡೆ, ಒಂದು ಸೀಟಿ, ಒಂದು ಗಡಿಯಾರ ಹಿಡಿದು ಕಂಟ್ರೋಲರ್ ನಿಂತ. ಮೊದಲ ದಿನ ಬಸ್ಸು ತಡೆದಾಗ ಪ್ರಯಾಣಿಕರು ಅವನ ವಂಶವನ್ನೆಲ್ಲ ನೆನೆಸಿಕೊಂಡರು. ಹದಿನೈದು ದಿನಗಳಲ್ಲಿ ಅವರ ಬಾಯಿ ಕಟ್ಟಿತು. ಯಾಕೆಂದರೆ ಏಳನೇ ನಂಬರ್ ಇಪ್ಪತ್ತು ನಿಮಿಷಕ್ಕೊಂದು ಬರತೊಡಗಿತು. ಜನಕ್ಕೆ ಅದನ್ನು ಹೇಗೆ ತಾಳಿಕೊಳ್ಳಬೇಕೋ ತಿಳಿಯಲಿಲ್ಲ. "ಬಸ್ಸು ಬರಲಿಲ್ಲ ಸಾರ್" ಎಂದು ಕಚೇರಿಗೆ ತಡವಾಗಿ ಹೋಗುತ್ತಿದ್ದ ಅರ್ಧ ಊರಿಗೆ ನೆಪ ಇಲ್ಲದಂತಾಯಿತು. ಇಬ್ಬರು ಗುಮಾಸ್ತರು ಬಂದು ವಾರಕ್ಕೊಂದು ದಿನವಾದರೂ ಹಳೆಯ ಹಾಗೆ ಬಿಡಿ ಎಂದು ಗುಟ್ಟಾಗಿ ಬೇಡಿಕೊಂಡರು. ಬಿಸಿಲು ಹೆಚ್ಚಾದಾಗ ಟೈಲರ್ ಒಳಗೆ ಕರೆಯುತ್ತಿದ್ದ. ಹೆಂಡತಿ ಮತ್ತೆ ಬಾಯಲ್ಲಿ ಮಾತಾಡತೊಡಗಿದಳು. ಊಟದ ಡಬ್ಬಿ ತಂದು ಕೊಟ್ಟು, "ಮದುವೆಯಾಗಿ ಹದಿನೆಂಟು ವರ್ಷದಲ್ಲಿ, ನೀವು ಏನಾದ್ರೂ ಸರಿಯಾಗಿ ತಡೆದಿದ್ದು ಇದೇ ಮೊದಲು" ಎಂದಳು.

ಮೂರು ತಿಂಗಳಾದ ಮೇಲೆ ಲಕೋಟೆ ಬಂತು. ಒಳಗೆ ಷರಾ ಮೇಡಂ ಅವರ ಗುಂಡನೆಯ ಅಕ್ಷರ:

"ಏಳನೇ ಮಾರ್ಗದಲ್ಲಿ ಕಳೆದ ಮೂರು ತಿಂಗಳಿಂದ ಯಾವುದೇ ಅವ್ಯವಸ್ಥೆ ಕಂಡುಬಂದಿರುವುದಿಲ್ಲ. ಅವ್ಯವಸ್ಥೆಯೇ ಇಲ್ಲದಿರುವಲ್ಲಿ ಅದನ್ನು ತಡೆಯುವ ಹುದ್ದೆಯನ್ನು ಏಕೆ ರದ್ದುಪಡಿಸಬಾರದು ಎಂಬುದಕ್ಕೆ ಏಳು ದಿನಗಳೊಳಗೆ ಕಾರಣ ತಿಳಿಸತಕ್ಕದ್ದು."

ಕಂಟ್ರೋಲರ್ ಅದನ್ನು ರಸ್ತೆಯ ಮೇಲೆ ನಿಂತು ಮೂರು ಸಲ ಓದಿದ. ಹುದ್ದೆ ಹೋದರೆ ಗೂಡೂ ಇಲ್ಲ, ರಸ್ತೆಯೂ ಇಲ್ಲ. ಪ್ರೊಫೆಸರಮ್ಮ ಹೇಳಿದ್ದೆಲ್ಲ ಈಗ ಅವನಿಗೆ ಪೂರ್ತಿ ಗೊತ್ತಿತ್ತು. ಮೂರು ತಿಂಗಳು ಬಸ್ಸುಗಳೇ ಅವನಿಗೆ ಟೀಯ ನಂತರದ ಪಾಠ ಮಾಡಿದ್ದವು. ಯಾಕೆ ಸುಮ್ಮನೆ ಬಿಟ್ಟರೆ ನಾಳೆಯೇ ಮೂರೂ ಅಂಟಿಕೊಳ್ಳುತ್ತವೆ, ಯಾಕೆ ಕಾಣದ ಕೆಲಸವೇ ಕೆಲಸ, ಎಲ್ಲವನ್ನೂ ಮೂವತ್ತು ಹಾಳೆ ಬರೆಯಬಲ್ಲವನಾಗಿದ್ದ. ಎರಡನೇ ಪಾಳಿಯವನು ಕೊಟ್ಟ ಹಾಳೆಗಳೂ ಇದ್ದವು.

ಹೊರಗೆ ಗಾಳಿಗೆ ಕಾಗದ ಹಾರುತ್ತಿತ್ತು. "ಒಳಗೆ ಬನ್ನಿ," ಎಂದ ಟೈಲರ್. "ಟ್ರಯಲ್ ರೂಮಲ್ಲಿ ಕೂತು ಬರೀರಿ. ಅಲ್ಲಿ ಯಾರೂ ತೊಂದರೆ ಕೊಡಲ್ಲ."

ಟ್ರಯಲ್ ರೂಮು ಮೂರು ಅಡಿ ಉದ್ದ, ಮೂರು ಅಡಿ ಅಗಲ. ಒಂದು ಕನ್ನಡಿ, ಒಂದು ಸ್ಟೂಲು, ಎರಡು ಮೊಳೆ. ಮತ್ತು ಒಂದು ಬಾಗಿಲು. ಹಸಿರಲ್ಲ, ಬಣ್ಣವೇ ಇರಲಿಲ್ಲ. ಆದರೆ ಒಳಗಿನಿಂದ ಚಿಲಕವಿತ್ತು. ಕಂಟ್ರೋಲರ್ ಸ್ಟೂಲಿನ ಮೇಲೆ ಕೂತು ಚಿಲಕ ಹಾಕಿ, ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡ. ಕನ್ನಡಿಯಲ್ಲಿ ಇನ್ನೊಬ್ಬ ಕಂಟ್ರೋಲರ್ ಪೆನ್ನು ಹಿಡಿದು, ಏನು ಬರೆಯುತ್ತೀಯ ನೋಡೋಣ ಎಂಬಂತೆ ಕೂತಿದ್ದ.

"ಮೂಲಕಾರಣವು" ಎಂದು ಬರೆದ. ನೋಡಿದ. ಹೊಡೆದು ಹಾಕಿದ. ಹೊಸ ಹಾಳೆ ತೆಗೆದುಕೊಂಡು, ನೋಟಿಸಿನ ಸಂಖ್ಯೆ, ದಿನಾಂಕ ಬರೆದು, ಕೆಳಗೆ ದುಂಡಗೆ ಎರಡೇ ಪದ ಬರೆದ:

"ಸಂಚಾರ ದಟ್ಟಣೆ."

ನಾಲ್ಕನೇ ದಿನ ಅದೇ ಹಾಳೆ ವಾಪಸು ಬಂತು. ಅಂಚಿನಲ್ಲಿ ಷರಾ: "ವಿವರಣೆ ತೃಪ್ತಿಕರವಾಗಿದೆ. ಹುದ್ದೆ ಮುಂದುವರಿಸುವುದು. ಕಡತ ಮುಚ್ಚಿದೆ."

ಅದನ್ನು ಓದಲು ಅವನು ಮತ್ತೆ ಟ್ರಯಲ್ ರೂಮಿಗೇ ಹೋಗಿ ಚಿಲಕ ಹಾಕಿಕೊಂಡಿದ್ದ. ಓದಿ ಮುಗಿಸಿ, ಮಡಿಸಿ, ಕಂದು ಪ್ಯಾಂಟಿನ ಜೇಬಿಗೆ ಇಟ್ಟುಕೊಳ್ಳುವಷ್ಟರಲ್ಲಿ ಹೊರಗೆ ಯಾರೋ ಬಾಗಿಲು ತಟ್ಟಿದರು. ಹೊಸ ಅಂಗಿ ಹಾಕಿ ನೋಡಬೇಕಾಗಿದ್ದ ಗಿರಾಕಿ ಇರಬೇಕು.

ಹೊಲಿಗೆ ಯಂತ್ರದ ಸದ್ದು ನಿಂತಿತು. ಟೈಲರನ ದನಿ, ತಲೆಯನ್ನೂ ಎತ್ತದೆ ಹೇಳಿದಂತೆ, ಬಾಗಿಲ ಸಂದಿಯಿಂದ ತೇಲಿ ಬಂತು:

"ಸ್ವಲ್ಪ ಇರಿ, ಸಾಹೇಬ್ರು ಕೋಣೇಲಿದಾರೆ."

ಏಳನೇ ನಂಬರ್ ಬಸ್ಸು ಆ ದಿನ ಒಂದು ನಿಮಿಷ ಹೆಚ್ಚಿಗೆ ನಿಂತಿತು.